ವಿಜ್ಞಾನಿಯ ಕೆಲಸಕ್ಕೆ ಅಳತೆಗೋಲುಂಟೆ?

ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಕಡೆಯಿಂದ ಹೊರಟು ಮಧುಗಿರಿಯನ್ನು ದಾಟಿ ಪಾವಗಡದತ್ತ ಮಳೆಗಾಲದಲ್ಲಿ ಪ್ರಯಾಣಮಾಡಿದವರು ಕೆಂಪು ನೆಲದ ಮೇಲೆ ಹಬ್ಬಿದ ಕಡಲೆಕಾಯಿಯ ಹೊಲಗಳನ್ನು ನೋಡಿಯೇ ಇರುತ್ತಾರೆ. ಬೆಳೆ ಕೈಗೆ ಬಂದಮೇಲೆ ಕೊಳ್ಳಲು ಬಂದ ವ್ಯಾಪಾರಿ ಚೀಲದ ತೂಕವೊಂದನ್ನೇ ನೋಡಿ ಬೆಲೆ ಕಟ್ಟುವುದಿಲ್ಲ. ಚೀಲದೊಳಕ್ಕೆ ಕೈಹಾಕಿ ಒಂದು ಹಿಡಿ ಕಾಯಿಯನ್ನು ತೆಗೆದು, ಅಲುಗಿಸಿ ನೋಡಿ, ಸಿಪ್ಪೆಯನ್ನು ಒಡೆದು, ಒಳಗಿನ ಬೀಜ ಗಟ್ಟಿಯೋ ಜೊಳ್ಳೋ ಎಂದು ಪರೀಕ್ಷಿಸುತ್ತಾನೆ. ತೂಕ ಬೇಕು, ಆದರೆ ತೂಕವೊಂದೇ ಸಾಲದು ಎಂಬುದು ಅವನಿಗೆ ಅನುಭವದಿಂದ ಬಂದ ತಿಳಿವಳಿಕೆ.

ವಿಜ್ಞಾನಿಗಳ ಕೆಲಸವನ್ನೂ ತೂಕಕ್ಕೆ ಹಾಕುವ ಪದ್ಧತಿ ಇಂದು ಲೋಕದಲ್ಲೆಲ್ಲ ಬೆಳೆದಿದೆ. ಒಬ್ಬ ಸಂಶೋಧಕನು ಎಷ್ಟು ಲೇಖನಗಳನ್ನು ಪ್ರಕಟಿಸಿದ್ದಾನೆ, ಆ ಲೇಖನಗಳನ್ನು ಇತರ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕದ ಮೇಲೆ ಅವನ ಹುದ್ದೆ, ಬಡ್ತಿ, ಅವನ ಪ್ರಯೋಗಶಾಲೆಗೆ ದೊರೆಯುವ ಧನಸಹಾಯ ಇವೆಲ್ಲ ಬಹುಮಟ್ಟಿಗೆ ನಿರ್ಧಾರವಾಗುತ್ತವೆ. ಇಂದು ಕಾಲೇಜಿನಲ್ಲಿ ಓದುತ್ತಿದ್ದು ನಾಳೆ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಗೂ ಈ ಲೆಕ್ಕ ತಪ್ಪಿದ್ದಲ್ಲ. ಹಾಗಾದರೆ ಈ ಲೆಕ್ಕವನ್ನು ಮಾಡುವ ಬಗೆ ಹೇಗೆ? ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು? ಜೀವರಸಾಯನಶಾಸ್ತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿಚಾರಮಾಡೋಣ. ಲೋಕದಲ್ಲಿ ಅತ್ಯಂತ ಹೆಚ್ಚು ಸಲ ಉಲ್ಲೇಖಿಸಲ್ಪಟ್ಟ ಲೇಖನವು ಈ ಶಾಸ್ತ್ರಕ್ಕೇ ಸೇರಿದ್ದು. ಅಲ್ಲದೆ ನಮ್ಮ ಕಡಲೆಕಾಯಿಯೂ ಈ ಶಾಸ್ತ್ರದ ಇತಿಹಾಸದಲ್ಲಿ ಒಂದು ಗೌರವದ ಸ್ಥಾನವನ್ನು ಪಡೆದಿದೆ.

ಲೇಖನ ಮತ್ತು ಉಲ್ಲೇಖ

ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಸಂಗತಿಯು ಸಂಶೋಧಕನ ಟಿಪ್ಪಣಿಯ ಪುಸ್ತಕದಲ್ಲೇ ಉಳಿದರೆ ಅದು ವಿಜ್ಞಾನವಾಗುವುದಿಲ್ಲ. ಮಾಡಿದ ಪ್ರಯೋಗ ಯಾವುದು, ಮಾಡಿದ ರೀತಿ ಹೇಗೆ, ದೊರೆತ ಫಲವೇನು, ಅದರಿಂದ ತಿಳಿಯುವುದೇನು ಎಂಬುದನ್ನು ಬೇರೊಬ್ಬರು ಅದೇ ಪ್ರಯೋಗವನ್ನು ಮತ್ತೆ ಮಾಡಿ ನೋಡುವಷ್ಟು ಸ್ಪಷ್ಟವಾಗಿ ಬರೆದು, ಆ ವಿಷಯವನ್ನು ಬಲ್ಲ ಇತರ ವಿದ್ವಾಂಸರ ಪರಿಶೀಲನೆಗೆ ಒಳಪಡಿಸಿ, ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟಿಸಬೇಕು. ಇದೇ ಸಂಶೋಧನ ಲೇಖನ.

ಇಂತಹ ಪ್ರತಿಯೊಂದು ಲೇಖನದ ಕೊನೆಯಲ್ಲಿಯೂ ಒಂದು ಪಟ್ಟಿ ಇರುತ್ತದೆ. ತನಗಿಂತ ಹಿಂದಿನವರ ಯಾವ ಯಾವ ಲೇಖನಗಳಿಂದ ತನಗೆ ಉಪಕಾರವಾಯಿತೆಂಬುದನ್ನು ಲೇಖಕನು ಅದರಲ್ಲಿ ಹೆಸರು, ಪತ್ರಿಕೆ, ವರ್ಷ, ಪುಟಗಳ ಸಹಿತವಾಗಿ ನಮೂದಿಸುತ್ತಾನೆ. ಇದೇ ಉಲ್ಲೇಖ. ಒಂದು ವಿಧದಲ್ಲಿ ಇದು ಸಾಲದ ಪತ್ರವಿದ್ದಂತೆ: ಇಂಥವರಿಂದ ಇಷ್ಟನ್ನು ಪಡೆದಿದ್ದೇನೆ ಎಂಬ ಬಹಿರಂಗವಾದ ಒಪ್ಪಿಗೆ.

ಆದರೆ ಸಾಲಗಳೆಲ್ಲ ಒಂದೇ ಬಗೆಯವಲ್ಲ. ಒಬ್ಬನು ಹಿಂದಿನವರ ಮುಖ್ಯವಾದ ಭಾವನೆಯೊಂದರ ಮೇಲೆ ತನ್ನ ಕೆಲಸವನ್ನೆಲ್ಲ ಕಟ್ಟಿರಬಹುದು. ಇನ್ನೊಬ್ಬನು ಅಳತೆಯ ವಿಧಾನವೊಂದನ್ನು ಮಾತ್ರ ಎರವಲು ಪಡೆದಿರಬಹುದು. ಮತ್ತೊಬ್ಬನು ಹಿಂದಿನ ಲೇಖನವು ತಪ್ಪೆಂದು ತೋರಿಸುವುದಕ್ಕಾಗಿಯೇ ಅದನ್ನು ಹೆಸರಿಸಿರಬಹುದು. ಕೆಲವರು ಎಲ್ಲರೂ ಹೆಸರಿಸುತ್ತಾರೆಂದು ತಾವೂ ಹೆಸರಿಸುತ್ತಾರೆ. ತನ್ನ ಹಳೆಯ ಲೇಖನಗಳನ್ನು ತಾನೇ ಹೆಸರಿಸುವುದೂ ಉಂಟು. ಒಂದೇ ಕೆಲಸವನ್ನು ಹಂತಹಂತವಾಗಿ ಮುಂದುವರಿಸುವವನಿಗೆ ಇದು ಅನಿವಾರ್ಯವೂ ಹೌದು. ಎಣಿಸುವಾಗ ಮಾತ್ರ ಇವೆಲ್ಲವೂ ಒಂದೊಂದೇ ಆಗುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಬರುವ ತೊಡಕುಗಳಿಗೆಲ್ಲ ಇದೇ ಮೂಲ.

ಎಣಿಕೆಯ ಹುಟ್ಟು

ಗ್ರಂಥಗಳನ್ನೂ ಬರಹಗಳನ್ನೂ ಗಣಿತದ ಕಣ್ಣಿನಿಂದ ನೋಡಬೇಕೆಂಬ ಭಾವನೆಗೆ ನಮ್ಮ ದೇಶದ ಒಬ್ಬ ಮಹನೀಯರು ಹೆಸರೊಂದನ್ನು ಕೊಟ್ಟರು. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಾಲಯ ವಿಜ್ಞಾನದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು 1948ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಗ್ರಂಥಾಲಯದ ಕೆಲಸಕ್ಕೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸುವ 'ಲೈಬ್ರಮೆಟ್ರಿ' ಎಂಬ ಶಾಸ್ತ್ರ ಬೆಳೆಯಬೇಕೆಂದು ಸೂಚಿಸಿದರು. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಸ್ಥಾಪಿತವಾದ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವು ಅವರ ಶ್ರಮದ ಫಲ.

ಉಲ್ಲೇಖಗಳನ್ನೇ ಕ್ರಮವಾಗಿ ಪಟ್ಟಿಮಾಡುವ ಕೆಲಸವನ್ನು ಕೈಗೊಂಡವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಹಳೆಯ ತೀರ್ಪೊಂದನ್ನು ಮುಂದಿನ ನ್ಯಾಯಾಲಯಗಳು ಎತ್ತಿಹಿಡಿದಿವೆಯೋ ತಳ್ಳಿಹಾಕಿವೆಯೋ ಎಂದು ನೋಡಲು ವಕೀಲರು ಬಳಸುತ್ತಿದ್ದ ಸೂಚಿಯೊಂದು ಆ ದೇಶದಲ್ಲಿ ಮೊದಲಿನಿಂದಲೂ ಇತ್ತು. ವಿಜ್ಞಾನಕ್ಕೂ ಅಂತಹದೊಂದು ಸೂಚಿ ಬೇಕೆಂದು ಗಾರ್ಫೀಲ್ಡರು 1955ರಲ್ಲಿ ವಾದಿಸಿದರು. 1964ರಲ್ಲಿ ಅವರ 'ವಿಜ್ಞಾನ ಉಲ್ಲೇಖ ಸೂಚಿ' ವಿಧ್ಯುಕ್ತವಾಗಿ ಬಳಕೆಗೆ ಬಂದಿತು. ಅದರ ಮೂಲ ಉದ್ದೇಶ ವಿಜ್ಞಾನಿಗಳಿಗೆ ಅಂಕ ಕೊಡುವುದಾಗಿರಲಿಲ್ಲ. ಒಂದು ಭಾವನೆಯು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ಹರಿದುಹೋಯಿತು, ಹಳೆಯ ಲೇಖನದ ತಪ್ಪನ್ನು ಯಾರಾದರೂ ತೋರಿಸಿಕೊಟ್ಟಿದ್ದಾರೆಯೇ ಎಂಬುದನ್ನು ಹುಡುಕುವವರಿಗೆ ದಾರಿ ತೋರುವುದೇ ಅದರ ಗುರಿಯಾಗಿತ್ತು. ಆದರೆ ಎಣಿಸಲು ಸಾಧ್ಯವಾದ ವಸ್ತುವನ್ನು ಎಣಿಸದೆ ಬಿಡುವುದು ಮನುಷ್ಯನ ಸ್ವಭಾವವಲ್ಲ. ಹುಡುಕುವವರ ಕೈದೀಪವು ಕ್ರಮೇಣ ಅಳೆಯುವವರ ಕೊಳಗವಾಯಿತು.

ಎರಡು ಸೂಚ್ಯಂಕಗಳು

ಈಗ ಪ್ರಚಾರದಲ್ಲಿರುವ ಎರಡು ಅಳತೆಗಳನ್ನು ತಿಳಿದುಕೊಳ್ಳೋಣ.

ಮೊದಲನೆಯದು ಪತ್ರಿಕೆಗೆ ಸಂಬಂಧಿಸಿದ 'ಪ್ರಭಾವಾಂಕ'. ಒಂದು ಪತ್ರಿಕೆಯು 2021 ಮತ್ತು 2022ರಲ್ಲಿ ಒಟ್ಟು 100 ಲೇಖನಗಳನ್ನು ಪ್ರಕಟಿಸಿತೆಂದೂ, ಆ ಲೇಖನಗಳಿಗೆ 2023ರಲ್ಲಿ 300 ಉಲ್ಲೇಖಗಳು ಬಂದುವೆಂದೂ ಭಾವಿಸೋಣ. ಆಗ 2023ಕ್ಕೆ ಆ ಪತ್ರಿಕೆಯ ಪ್ರಭಾವಾಂಕ 3. ಇದು ಸರಾಸರಿ ಮಾತ್ರ. ಹತ್ತು ಲೇಖನಗಳಿಗೆ ಇಪ್ಪತ್ತೈದರಂತೆ 250 ಉಲ್ಲೇಖಗಳು ಬಂದು, ಉಳಿದ ತೊಂಬತ್ತು ಲೇಖನಗಳು ಐವತ್ತನ್ನು ಹಂಚಿಕೊಂಡರೂ ಪ್ರಭಾವಾಂಕ 3 ಎಂದೇ ಬರುತ್ತದೆ. ಆದುದರಿಂದ ಪತ್ರಿಕೆಯ ಪ್ರಭಾವಾಂಕವನ್ನು ನೋಡಿ ಅದರಲ್ಲಿನ ಒಂದು ಲೇಖನಕ್ಕೆ ಬೆಲೆ ಕಟ್ಟುವುದು, ಊರಿನ ಸರಾಸರಿ ಮಳೆಯನ್ನು ನೋಡಿ ಒಬ್ಬ ರೈತನ ಕಣದಲ್ಲಿನ ರಾಶಿಯನ್ನು ಹೇಳಿದಂತೆ.

ಎರಡನೆಯದು ವ್ಯಕ್ತಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ಯೋರ್ಗೆ ಹಿರ್ಷ್ ಎಂಬವರು 2005ರಲ್ಲಿ ಇದನ್ನು ಸೂಚಿಸಿದರು. ಇದಕ್ಕೆ 'ಎಚ್-ಸೂಚ್ಯಂಕ' ಎಂದು ಹೆಸರು. ಒಬ್ಬ ಸಂಶೋಧಕಿ ಹತ್ತು ಲೇಖನಗಳನ್ನು ಬರೆದಿದ್ದಾಳೆಂದು ಕಲ್ಪಿಸಿಕೊಳ್ಳೋಣ. ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಅವುಗಳನ್ನು ಜೋಡಿಸಿದಾಗ 120, 45, 18, 9, 7, 6, 4, 2, 1, 0 ಎಂದು ಬಂದಿತೆನ್ನೋಣ. ಈಗ ಮೇಲಿನಿಂದ ಎಣಿಸುತ್ತ ಹೋಗಬೇಕು. ಆರನೆಯ ಲೇಖನಕ್ಕೆ ಆರು ಉಲ್ಲೇಖಗಳಿವೆ. ಏಳನೆಯದಕ್ಕೆ ಏಳು ಇಲ್ಲ, ನಾಲ್ಕೇ ಇವೆ. ಆದುದರಿಂದ ಅವಳ ಎಚ್-ಸೂಚ್ಯಂಕ 6. ಎಂದರೆ, ಕನಿಷ್ಠಪಕ್ಷ ಆರಾರು ಉಲ್ಲೇಖಗಳನ್ನು ಪಡೆದ ಆರು ಲೇಖನಗಳು ಅವಳಿಗಿವೆ ಎಂದರ್ಥ.

ಒಂದೇ ಒಂದು ಪ್ರಸಿದ್ಧ ಲೇಖನದ ಭಾರದಿಂದ ಲೆಕ್ಕ ಓಲಿಬಿಡದಂತೆಯೂ, ಯಾರೂ ಓದದ ನೂರಾರು ಲೇಖನಗಳಿಂದ ಅದು ಉಬ್ಬದಂತೆಯೂ ಈ ಸೂಚ್ಯಂಕ ತಡೆಯುತ್ತದೆ. ಇದು ಅದರ ಗುಣ. ದೋಷವೂ ಇಲ್ಲದಿಲ್ಲ. ಮೇಲಿನ ಸಂಶೋಧಕಿಯ ಲೇಖನಗಳಿಗೆ ಒಟ್ಟು 212 ಉಲ್ಲೇಖಗಳು ಬಂದಿವೆ. ಆರೇ ಲೇಖನಗಳನ್ನು ಬರೆದು ಪ್ರತಿಯೊಂದಕ್ಕೂ ಆರಾರರಂತೆ ಒಟ್ಟು 36 ಉಲ್ಲೇಖಗಳನ್ನು ಪಡೆದ ಇನ್ನೊಬ್ಬನ ಸೂಚ್ಯಂಕವೂ ಆರೇ. ಇನ್ನು ಎರಡೇ ಲೇಖನಗಳನ್ನು ಬರೆದು ಅವುಗಳಿಂದ ಒಂದು ಶಾಸ್ತ್ರದ ದಿಕ್ಕನ್ನೇ ಬದಲಾಯಿಸಿ, ಸಾವಿರಾರು ಉಲ್ಲೇಖಗಳನ್ನು ಪಡೆದ ಮೂರನೆಯವರ ಸೂಚ್ಯಂಕ ಎರಡನ್ನು ದಾಟಲಾರದು! ಅದಲ್ಲದೆ ಈ ಸಂಖ್ಯೆ ಎಂದಿಗೂ ಇಳಿಯುವುದಿಲ್ಲ. ವಯಸ್ಸಿನೊಡನೆ ಏರುತ್ತ ಹೋಗುತ್ತದೆ. ಇಪ್ಪತ್ತೆಂಟು ವರ್ಷದ ಯುವಕನನ್ನೂ ಅರವತ್ತು ವರ್ಷದ ಹಿರಿಯರನ್ನೂ ಇದರಿಂದ ಹೋಲಿಸುವಂತಿಲ್ಲ. ಗಣಿತಜ್ಞರ ಲೇಖನಗಳ ಉಲ್ಲೇಖಪಟ್ಟಿ ಸಾಮಾನ್ಯವಾಗಿ ಚಿಕ್ಕದು, ಜೀವರಸಾಯನಜ್ಞರದು ದೊಡ್ಡದು. ಆದುದರಿಂದ ಒಂದು ಶಾಸ್ತ್ರದವರನ್ನು ಇನ್ನೊಂದು ಶಾಸ್ತ್ರದವರೊಡನೆ ಹೋಲಿಸುವಂತೆಯೂ ಇಲ್ಲ.

ಅತ್ಯಂತ ಹೆಚ್ಚು ಉಲ್ಲೇಖಗೊಂಡ ಲೇಖನ

ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಉಲ್ಲೇಖಗೊಂಡ ವಿಜ್ಞಾನ ಲೇಖನ ಯಾವುದಿರಬಹುದು? ಐನ್‌ಸ್ಟೈನರ ಸಾಪೇಕ್ಷತಾವಾದದ ಲೇಖನವೆಂದೋ, ಡಿ.ಎನ್.ಎ.ಯ ರಚನೆಯನ್ನು ತಿಳಿಸಿದ ಲೇಖನವೆಂದೋ ವಾಚಕರು ಊಹಿಸಬಹುದು. ಎರಡೂ ಅಲ್ಲ. ಅದು ಅಮೆರಿಕದ ಆಲಿವರ್ ಲೌರಿ ಮತ್ತು ಅವರ ಮೂವರು ಸಹೋದ್ಯೋಗಿಗಳು 1951ರಲ್ಲಿ ಪ್ರಕಟಿಸಿದ, ದ್ರಾವಣದಲ್ಲಿನ ಪ್ರೋಟೀನಿನ ಮೊತ್ತವನ್ನು ಅಳೆಯುವ ವಿಧಾನವನ್ನು ಕುರಿತ ಲೇಖನ. 2014ರಲ್ಲಿ ನಡೆದ ಒಂದು ಗಣನೆಯ ಪ್ರಕಾರ ಅದಕ್ಕೆ ಬಂದ ಉಲ್ಲೇಖಗಳು 3,05,000ಕ್ಕೂ ಹೆಚ್ಚು. ವಾಟ್ಸನ್ ಮತ್ತು ಕ್ರಿಕ್ಕರು ಡಿ.ಎನ್.ಎ.ಯ ರಚನೆಯನ್ನು ಕುರಿತು 1953ರಲ್ಲಿ ಬರೆದ ಲೇಖನಕ್ಕೆ ಅದೇ ಗಣನೆಯಲ್ಲಿ ದೊರೆತದ್ದು ಸುಮಾರು 5,200 ಮಾತ್ರ. ಅದು ಮೊದಲ ನೂರು ಲೇಖನಗಳ ಪಟ್ಟಿಯಲ್ಲೇ ಸೇರಲಿಲ್ಲ.

ಲೌರಿಯವರ ವಿಧಾನದ ತತ್ತ್ವ ಸರಳವಾದದ್ದು. ಕಡಲೆಬೀಜವನ್ನು ಅರೆದು ಸೋಸಿದ ದ್ರಾವಣದಲ್ಲಿ ಎಷ್ಟು ಪ್ರೋಟೀನಿದೆ ಎಂದು ತಿಳಿಯಬೇಕೆನ್ನೋಣ. ದ್ರಾವಣವನ್ನು ಕ್ಷಾರೀಯವಾಗಿ ಮಾಡಿ ಅದಕ್ಕೆ ತಾಮ್ರದ ಲವಣವನ್ನು ಸೇರಿಸಿದರೆ, ತಾಮ್ರವು ಪ್ರೋಟೀನಿನ ಸರಪಣಿಯೊಡನೆ ಬಂಧಿಸಿಕೊಳ್ಳುತ್ತದೆ. ಅನಂತರ ಫೋಲಿನ್ ಎಂಬ ರಸಾಯನಜ್ಞರ ಹೆಸರಿನ, ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಧಾತುಗಳುಳ್ಳ ದ್ರವವನ್ನು ಹಾಕಿದರೆ ದ್ರಾವಣ ನೀಲಿಬಣ್ಣಕ್ಕೆ ತಿರುಗುತ್ತದೆ. ಪ್ರೋಟೀನು ಹೆಚ್ಚಿದಷ್ಟೂ ನೀಲಿ ಗಾಢವಾಗುತ್ತದೆ. ಮೊತ್ತ ಗೊತ್ತಿರುವ ಪ್ರೋಟೀನಿನ ದ್ರಾವಣಗಳು ಕೊಡುವ ಬಣ್ಣದೊಡನೆ ಇದನ್ನು ಬೆಳಕಿನ ಮಾಪಕದಲ್ಲಿ ಹೋಲಿಸಿದರೆ ಉತ್ತರ ದೊರೆಯಿತು. ಒಂದು ಗ್ರಾಮಿನ ಹತ್ತುಲಕ್ಷ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಪ್ರೋಟೀನಿದ್ದರೂ ಈ ವಿಧಾನ ಅದನ್ನು ಅಳೆಯಬಲ್ಲದು.

ಕಿಣ್ವಗಳ ಮೇಲಾಗಲಿ, ರಕ್ತದ ಮೇಲಾಗಲಿ, ಬೀಜಗಳ ಮೇಲಾಗಲಿ ಪ್ರಯೋಗ ಮಾಡುವ ಜೀವರಸಾಯನಜ್ಞನಿಗೆ ತನ್ನ ಕೊಳವೆಯಲ್ಲಿ ಪ್ರೋಟೀನು ಎಷ್ಟಿದೆ ಎಂಬ ಲೆಕ್ಕ ಮೊದಲು ಬೇಕು. ಲೋಕದ ಸಾವಿರಾರು ಪ್ರಯೋಗಶಾಲೆಗಳಲ್ಲಿ ಪ್ರತಿದಿನವೂ ಈ ವಿಧಾನವನ್ನು ಬಳಸಿದರು. ಬಳಸಿದವರು ಲೌರಿಯವರನ್ನು ಹೆಸರಿಸಿದರು. ಈ ಲೇಖನ ತಮ್ಮ ಶ್ರೇಷ್ಠವಾದ ಕೆಲಸವೇನೂ ಅಲ್ಲವೆಂದು ಲೌರಿಯವರೇ ಒಪ್ಪಿಕೊಂಡಿದ್ದರು. ಹಾಗೆಂದು ಅದನ್ನು ಕೀಳೆಂದು ಎಣಿಸಲೂ ಬಾರದು. ಮನೆ ಕಟ್ಟುವವನಿಗೆ ನಕ್ಷೆಯೂ ಬೇಕು, ತೂಕದ ಗುಂಡೂ ಬೇಕು. ಉಲ್ಲೇಖಗಳ ಸಂಖ್ಯೆಯು ಉಪಕರಣದ ಬಳಕೆಯನ್ನು ಸತ್ಯವಾಗಿ ಹೇಳುತ್ತದೆ. ಭಾವನೆಯ ಆಳವನ್ನು ಹೇಳುವುದಿಲ್ಲ.

ಹೆಸರು ಉಳಿದು ಉಲ್ಲೇಖ ಮರೆಯಾದಾಗ

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ದೇಶದ್ದೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ, 1954ರಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲಾಜನ್ ಎಂಬ ಪ್ರೋಟೀನಿನ ರಚನೆಯನ್ನು ಸೂಚಿಸಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗಿಯನ್ನು ಕೊಡುವ ಈ ಪ್ರೋಟೀನು ಮೂರು ಎಳೆಗಳಿಂದಾದುದೆಂದು ಅವರು ತೋರಿಸಿದರು. ಆದರೆ ಅವರ ರಚನೆಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿ ಸಮೀಪದಲ್ಲಿವೆ ಎಂದು ಕ್ರಿಕ್ ಮತ್ತು ಅಲೆಗ್ಸಾಂಡರ್ ರಿಚ್ ಆಕ್ಷೇಪಿಸಿದರು.

ರಾಮಚಂದ್ರನ್ ಅವರು ಆಕ್ಷೇಪಣೆಗೆ ಬೇಸರಪಟ್ಟು ಸುಮ್ಮನಾಗಲಿಲ್ಲ. ಹಾಗಾದರೆ ಪರಮಾಣುಗಳು ಎಷ್ಟು ಹತ್ತಿರಕ್ಕೆ ಬರಬಹುದು ಎಂಬ ಪ್ರಶ್ನೆಯನ್ನೇ ಹಿಡಿದು, ಅದುವರೆಗೆ ತಿಳಿದಿದ್ದ ಹರಳುಗಳ ರಚನೆಗಳನ್ನು ಶೋಧಿಸಿದರು. ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಣಿ. ಪ್ರತಿ ಕೊಂಡಿಯಲ್ಲಿಯೂ ಮುಖ್ಯವಾಗಿ ಎರಡು ಕಡೆ ಸರಪಣಿ ತಿರುಗಬಲ್ಲದು. ಬಾಗಿಲು ತನ್ನ ತಿರುಗಣಿಯ ಮೇಲೆ ಗೋಡೆ ತಾಗುವವರೆಗೆ ಮಾತ್ರ ತೆರೆಯುವಂತೆ, ಈ ಕೊಂಡಿಯೂ ಪರಮಾಣುಗಳು ಒಂದನ್ನೊಂದು ತಾಗುವವರೆಗೆ ಮಾತ್ರ ತಿರುಗೀತು. ಎರಡು ತಿರುವಿನ ಕೋನಗಳನ್ನು ಗ್ರಾಫು ಕಾಗದದ ಎರಡು ಅಕ್ಷಗಳಲ್ಲಿ ಗುರುತಿಸಿ, ಯಾವ ಯಾವ ಜೋಡಿ ಸಾಧ್ಯ, ಯಾವುದು ಅಸಾಧ್ಯ ಎಂದು ನೋಡಿದರೆ, ಕಾಗದದ ಬಹುಭಾಗ ನಿಷಿದ್ಧವಾಗಿ, ಕೆರೆಯ ನಡುವಣ ನಡುಗಡ್ಡೆಗಳಂತೆ ಕೆಲವೇ ಪ್ರದೇಶಗಳು ಸಾಧ್ಯವೆನಿಸುತ್ತವೆ. ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಇವರೊಡನೆ ಅವರು ಈ ನಕ್ಷೆಯನ್ನು 1963ರಲ್ಲಿ ಐದೇ ಪುಟಗಳ ಲೇಖನವೊಂದರಲ್ಲಿ ಪ್ರಕಟಿಸಿದರು. ಮುಂದೆ 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಅವರು ಬೆಂಗಳೂರಿಗೆ ಹಿಂದಿರುಗಿ ವಿಜ್ಞಾನ ಮಂದಿರದಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನಿನ ರಚನೆಯನ್ನು ಕಂಡುಹಿಡಿದರೂ ಅದು ಸರಿಯಾಗಿದೆಯೇ ಎಂದು ಈ 'ರಾಮಚಂದ್ರನ್ ನಕ್ಷೆ'ಯಿಂದ ಒರೆಹಚ್ಚಿ ನೋಡುತ್ತಾರೆ. ಜೀವರಸಾಯನದ ಪಠ್ಯಪುಸ್ತಕಗಳಲ್ಲಿ ಅದು ಸೇರಿಹೋಗಿದೆ. ಆದುದರಿಂದಲೇ ಅನೇಕರು ನಕ್ಷೆಯ ಹೆಸರನ್ನು ಬರೆಯುತ್ತಾರೆಯೇ ಹೊರತು 1963ರ ಲೇಖನವನ್ನು ಪಟ್ಟಿಯಲ್ಲಿ ನಮೂದಿಸುವುದಿಲ್ಲ. ಗುರುತ್ವಾಕರ್ಷಣೆಯ ಮಾತೆತ್ತಿದಾಗಲೆಲ್ಲ ನ್ಯೂಟನ್ನರ ಗ್ರಂಥದ ಪುಟವನ್ನು ಯಾರು ತಾನೇ ಸೂಚಿಸುತ್ತಾರೆ? ಎಲ್ಲರ ಸ್ವತ್ತಾದ ಭಾವನೆಯ ಮೂಲವು ಹೀಗೆ ಮರೆಯಾಗುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ನರು ವಿಶೇಷವಾಗಿ ಗುರುತಿಸಿದ್ದಾರೆ. ಅತಿ ದೊಡ್ಡ ಗೆಲುವು ಉಲ್ಲೇಖಗಳ ಲೆಕ್ಕದಲ್ಲಿ ಕೆಲವೊಮ್ಮೆ ನಷ್ಟವಾಗಿ ಕಾಣುವುದು ಒಂದು ವಿಚಿತ್ರ.

ಕಡಲೆಬೀಜದ ಹನ್ನೆರಡು ವರ್ಷಗಳು

ಇನ್ನು ನಮ್ಮ ಹೊಲಗಳ ಕಡಲೆಕಾಯಿಗೆ ಬರೋಣ. ಕಡಲೆಬೀಜದಲ್ಲಿ ಎಣ್ಣೆಯೂ ಆಹಾರಯೋಗ್ಯ ಪ್ರೋಟೀನುಗಳೂ ಇರುವುದು ಎಲ್ಲರಿಗೂ ತಿಳಿದದ್ದೇ. ಅವುಗಳೊಡನೆ ಲೆಕ್ಟಿನ್ ಎಂಬ ಜಾತಿಗೆ ಸೇರಿದ ಪ್ರೋಟೀನೊಂದೂ ಇದೆ. ಲೆಕ್ಟಿನ್‌ಗಳ ವಿಶೇಷವೆಂದರೆ ಅವು ಸಕ್ಕರೆಯ ಅಣುಗಳನ್ನು ಗುರುತುಹಿಡಿದು ಅವಕ್ಕೆ ಅಂಟಿಕೊಳ್ಳುತ್ತವೆ. ನಮ್ಮ ದೇಹದ ಜೀವಕೋಶಗಳ ಹೊರಮೈಯಲ್ಲಿ ನಾನಾ ಬಗೆಯ ಸಕ್ಕರೆಯ ಸರಗಳಿರುತ್ತವೆ. ಅವುಗಳಲ್ಲಿ 'ಟಿ' ಎಂಬ ಸಂಕೇತದ ಒಂದು ಸರವು ಆರೋಗ್ಯವಂತ ಕೋಶಗಳಲ್ಲಿ ಸಾಮಾನ್ಯವಾಗಿ ಮರೆಯಾಗಿದ್ದು, ಹಲವು ಬಗೆಯ ಏಡಿಗಂತಿಯ ಕೋಶಗಳಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ಕಡಲೆಬೀಜದ ಲೆಕ್ಟಿನ್ ಈ ಸರವನ್ನು ಗುರುತಿಸಬಲ್ಲದು. ಆದುದರಿಂದಲೇ ವಿಜ್ಞಾನಿಗಳಿಗೆ ಅದರಲ್ಲಿ ಆಸಕ್ತಿ.

ಈ ಲೆಕ್ಟಿನ್ನಿನ ರಚನೆಯನ್ನು ಬಿಡಿಸಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿಯೇ. ಭಾರತೀಯ ವಿಜ್ಞಾನ ಮಂದಿರದ ಎಂ. ವಿಜಯನ್ ಅವರು ಆ ಕೆಲಸದ ನಾಯಕರು. ಕೇರಳದಲ್ಲಿ 1941ರಲ್ಲಿ ಜನಿಸಿದ ಅವರು ಬೆಂಗಳೂರಿನಲ್ಲಿ ಸಂಶೋಧನೆ ಮಾಡಿ, ಅನಂತರ ಆಕ್ಸ್‌ಫರ್ಡಿಗೆ ಹೋಗಿ, ನೊಬೆಲ್ ಪುರಸ್ಕೃತೆ ಡೊರೋಥಿ ಹಾಡ್ಜ್‌ಕಿನ್ ಅವರ ಪ್ರಯೋಗಶಾಲೆಯಲ್ಲಿ ಇನ್ಸುಲಿನ್ನಿನ ರಚನೆಯನ್ನು ಕಂಡುಹಿಡಿದ ತಂಡದಲ್ಲಿ ದುಡಿದರು. ಅಲ್ಲಿಂದ ಹಿಂದಿರುಗಿ ಬೆಂಗಳೂರನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು; 2022ರಲ್ಲಿ ನಿಧನಹೊಂದಿದರು. ಲೆಕ್ಟಿನ್ನಿನ ರಸಾಯನವನ್ನು ಬಲ್ಲ ಅವಧೇಶ ಸುರೋಲಿಯಾ ಅವರು ಈ ಕೆಲಸದಲ್ಲಿ ಅವರಿಗೆ ಜೊತೆಯಾದರು.

ಪ್ರೋಟೀನಿನ ರಚನೆಯನ್ನು ತಿಳಿಯಬೇಕಾದರೆ ಮೊದಲು ಅದನ್ನು ಪರಿಶುದ್ಧಗೊಳಿಸಿ ಹರಳುಗಟ್ಟಿಸಬೇಕು. ಹರಳಿನ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ, ಅವು ಚದರುವ ಸಾವಿರಾರು ಚುಕ್ಕೆಗಳ ತೀವ್ರತೆಯನ್ನು ಅಳೆದು, ಗಣಿತದ ಸಹಾಯದಿಂದ ಪರಮಾಣುಗಳ ಸ್ಥಾನಗಳನ್ನು ಲೆಕ್ಕಹಾಕಬೇಕು. ಕಡಲೆಬೀಜದ ಲೆಕ್ಟಿನ್ನಿನ ಹರಳುಗಳನ್ನು ಪಡೆದ ಸಂಗತಿಯನ್ನು ಈ ತಂಡ 1982ರಲ್ಲಿ ಒಂದು ಕಿರುಲೇಖನದಲ್ಲಿ ಪ್ರಕಟಿಸಿತು. ರಚನೆಯನ್ನು ವಿವರಿಸಿ, ಅದರ ಅಸಾಮಾನ್ಯ ಜೋಡಣೆಯನ್ನು ಲೋಕಕ್ಕೆ ತಿಳಿಸಿದ ಲೇಖನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದದ್ದು 1994ರಲ್ಲಿ. ನಡುವೆ ಹನ್ನೆರಡು ವರ್ಷಗಳು! ಹಲವು ವಿದ್ಯಾರ್ಥಿಗಳು ಬಂದು ದುಡಿದು, ಪದವಿ ಪಡೆದು ಹೋಗುವಷ್ಟು ದೀರ್ಘವಾದ ಕಾಲವದು.

ಕಂಡ ಫಲವೂ ಅನಿರೀಕ್ಷಿತವಾದದ್ದೇ. ಈ ಲೆಕ್ಟಿನ್ ಒಂದೇ ಬಗೆಯ ನಾಲ್ಕು ಘಟಕಗಳಿಂದಾದದ್ದು. ನಾಲ್ವರು ಕೈಕೈ ಹಿಡಿದು ವೃತ್ತವಾಗಿ ನಿಂತಂತೆ ಇಂತಹ ಘಟಕಗಳು ಸಮವಾಗಿ, ಮುಚ್ಚಿದ ಬಳಗವಾಗಿ ಜೋಡಿಸಿಕೊಳ್ಳುತ್ತವೆ ಎಂಬುದು ಅದುವರೆಗಿನ ಸಾಮಾನ್ಯ ತಿಳಿವಳಿಕೆ. ಕಡಲೆಬೀಜದ ಲೆಕ್ಟಿನ್ನಿನಲ್ಲಿ ಮಾತ್ರ ಅವು ಆ ಬಗೆಯ ಸಮತೆಯನ್ನು ಮುರಿದು, ತೆರೆದ ರೀತಿಯಲ್ಲಿ ಜೋಡಿಸಿಕೊಂಡಿದ್ದುವು. ಕ್ರಮ ತಪ್ಪಿದ ಇಂತಹ ರಚನೆಯನ್ನು ಕಂಡಾಗ ತಮ್ಮ ಲೆಕ್ಕವೇ ತಪ್ಪಿರಬಹುದೆಂಬ ಸಂಶಯ ಯಾವ ಸಂಶೋಧಕನಿಗಾದರೂ ಬರತಕ್ಕದ್ದೇ. ಮತ್ತೆ ಮತ್ತೆ ಪರೀಕ್ಷಿಸದೆ ಪ್ರಕಟಿಸುವಂತಿಲ್ಲ. ಎರಡು ವರ್ಷಗಳ ಮೇಲೆ, 1996ರಲ್ಲಿ, ಇದೇ ಪ್ರಯೋಗಶಾಲೆ ನಮ್ಮ ಹಲಸಿನ ಬೀಜದ ಲೆಕ್ಟಿನ್ನಿನ ರಚನೆಯನ್ನೂ ಪ್ರಕಟಿಸಿತು.

ಈಗ ಲೆಕ್ಕದ ದೃಷ್ಟಿಯಿಂದ ನೋಡೋಣ. ಹನ್ನೆರಡು ವರ್ಷಗಳ ಆ ದುಡಿಮೆಯ ಮುಖ್ಯ ಫಲ ಪ್ರಕಟಣೆಗಳ ಪಟ್ಟಿಯಲ್ಲಿ ಒಂದು ಸಾಲು. ಪ್ರತಿವರ್ಷ ಇಷ್ಟು ಲೇಖನಗಳು ಬರಲೇಬೇಕೆಂದು ಕಟ್ಟುನಿಟ್ಟು ಮಾಡುವ ಅಧಿಕಾರಿಯ ಕಣ್ಣಿಗೆ ಆ ವರ್ಷಗಳು ಬೆಳೆಯಿಲ್ಲದ ಬರಗಾಲವೆಂದೇ ತೋರಬಹುದು. ಅದಲ್ಲದೆ ಇಂತಹ ರಚನೆಯ ವಿವರಗಳನ್ನು 1971ರಲ್ಲಿ ಆರಂಭವಾದ ಪ್ರೋಟೀನ್ ದತ್ತಾಂಶ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಇಡುವ ಪದ್ಧತಿಯಿದೆ. ಅಲ್ಲಿಂದ ವಿವರವನ್ನು ಪಡೆದು ಕೆಲಸ ಮಾಡುವ ಎಷ್ಟೋ ಮಂದಿ ಭಂಡಾರದ ಸಂಕೇತಾಕ್ಷರವನ್ನು ಮಾತ್ರ ನಮೂದಿಸುತ್ತಾರೆ. ಮೂಲ ಲೇಖನದ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಸಂಖ್ಯೆಗೆ ಸಿಕ್ಕದ ಸಂಗತಿಗಳು

ಪ್ರಕಟಣೆಗಳ ಪಟ್ಟಿ ಹೇಳದ ಇನ್ನೊಂದು ಸಂಗತಿಯುಂಟು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಜೀವರಸಾಯನ ವಿಭಾಗ ಆರಂಭವಾದದ್ದು 1921ರಲ್ಲಿ. ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಎಂಬ ತರುಣಿ 1933ರಲ್ಲಿ ಅಲ್ಲಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣದಿಂದ ಮೊದಲು ಅವಕಾಶ ದೊರೆಯಲಿಲ್ಲ. ಆಕೆ ಹಟಬಿಡದೆ ಪ್ರವೇಶ ಪಡೆದದ್ದೂ ನಿರ್ಬಂಧಗಳಿಗೆ ಒಪ್ಪಿದಮೇಲೆಯೇ. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸಮಾಡಿ, ಮುಂದೆ ಕೇಂಬ್ರಿಜ್ಜಿನಲ್ಲಿ ಸಸ್ಯಗಳಲ್ಲಿಯೂ ಸೈಟೋಕ್ರೋಮ್-ಸಿ ಎಂಬ ಪ್ರೋಟೀನಿದೆ ಎಂದು ತೋರಿಸಿ, 1939ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಕಮಲಾ ಸೊಹೊನಿ ಎಂದು ಅನಂತರ ಪ್ರಸಿದ್ಧರಾದವರು ಇವರೇ. ಅವರ ಛಲದಿಂದಾಗಿ ವಿಜ್ಞಾನ ಮಂದಿರದ ಬಾಗಿಲು ಮುಂದಿನ ಹೆಣ್ಣುಮಕ್ಕಳಿಗೂ ತೆರೆಯಿತು. ಆ ಬಾಗಿಲನ್ನು ತೆರೆಸಿದ್ದಕ್ಕೆ ಯಾವ ಸೂಚ್ಯಂಕದಲ್ಲಿ ಎಷ್ಟು ಅಂಕ?

ಅಳತೆಯೇ ಗುರಿಯಾದರೆ

ಅಳತೆಗೋಲು ಅಳೆಯುವುದಕ್ಕಿರುವವರೆಗೆ ಕ್ಷೇಮ. ಅದೇ ಗುರಿಯಾದಾಗ ಅನರ್ಥ ಮೊದಲಾಗುತ್ತದೆ. ನಮ್ಮ ದೇಶದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರಲ್ಲಿ ಕಾಲೇಜು ಅಧ್ಯಾಪಕರ ನೇಮಕ ಮತ್ತು ಬಡ್ತಿಗಳಿಗೆ ಅಂಕಗಳ ಪದ್ಧತಿಯನ್ನು ಗೊತ್ತುಮಾಡಿತು; ಪ್ರಕಟಿಸಿದ ಲೇಖನಗಳಿಗೂ ಅದರಲ್ಲಿ ಅಂಕಗಳಿದ್ದುವು. ಪ್ರಯೋಗಶಾಲೆಯೂ ಸರಿಯಾಗಿ ಇಲ್ಲದ, ವಾರವೆಲ್ಲ ಪಾಠಮಾಡಬೇಕಾದ ಊರಿನ ಕಾಲೇಜಿನ ಅಧ್ಯಾಪಕನೂ ಲೇಖನಗಳನ್ನು ತೋರಿಸಬೇಕಾಯಿತು. ಹಣ ಕೊಟ್ಟವರ ಬರಹವನ್ನು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ನಕಲಿ ಪತ್ರಿಕೆಗಳು ಈ ಅವಕಾಶವನ್ನು ಬಳಸಿಕೊಂಡವು. ಸಂಶೋಧನ ವಿದ್ಯಾರ್ಥಿಗಳು ಪ್ರಬಂಧವನ್ನೊಪ್ಪಿಸುವ ಮುನ್ನ ಲೇಖನವನ್ನು ಪ್ರಕಟಿಸಿರಲೇಬೇಕೆಂಬ ನಿಯಮವನ್ನು ಆಯೋಗವು 2022ರಲ್ಲಿ ಕೈಬಿಟ್ಟಿತು.

ಇದು ನಮ್ಮ ದೇಶವೊಂದರ ವ್ಯಾಧಿಯಲ್ಲ. ಕೂಲಿಗೆ ಲೇಖನಗಳನ್ನು ತಯಾರಿಸಿ ಮಾರುವ ಕೂಟಗಳೂ, ನನ್ನದನ್ನು ನೀನು ಹೆಸರಿಸು, ನಿನ್ನದನ್ನು ನಾನು ಹೆಸರಿಸುತ್ತೇನೆ ಎಂಬ ಒಳ ಒಪ್ಪಂದಗಳೂ ಅನೇಕ ದೇಶಗಳಲ್ಲಿ ಬಯಲಿಗೆ ಬಂದಿವೆ. 2023ರ ಒಂದೇ ವರ್ಷದಲ್ಲಿ ಲೋಕದ ವಿಜ್ಞಾನ ಪತ್ರಿಕೆಗಳು ಹಿಂದಕ್ಕೆ ಪಡೆದ ಲೇಖನಗಳ ಸಂಖ್ಯೆ 10,000ವನ್ನು ಮೀರಿತು. ಜೊಳ್ಳನ್ನು ತುಂಬಿ ಚೀಲದ ತೂಕ ಹೆಚ್ಚಿಸುವ ವಿದ್ಯೆ ಎಲ್ಲ ಕಡೆಯೂ ಒಂದೇ. ಇದರ ನಷ್ಟ ವಿಜ್ಞಾನಿಗಳಿಗೆ ಮಾತ್ರವೆಂದು ತಿಳಿಯಬಾರದು. ಔಷಧವೊಂದನ್ನು ಕುರಿತ ಸುಳ್ಳು ಲೇಖನವನ್ನು ನಂಬಿ ನಿಜವಾದ ವೈದ್ಯನು ನಿಜವಾದ ರೋಗಿಗೆ ಚಿಕಿತ್ಸೆ ಮಾಡುವ ಅಪಾಯವುಂಟು.

ಈ ಅಪಾಯವನ್ನು ಕಂಡ ವಿಜ್ಞಾನಿಗಳು ಮತ್ತು ಸಂಪಾದಕರು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿ ಒಂದು ಘೋಷಣೆಯನ್ನು ರೂಪಿಸಿದರು. ಪತ್ರಿಕೆಯ ಪ್ರಭಾವಾಂಕದಿಂದ ಒಬ್ಬ ವ್ಯಕ್ತಿಯ ಯೋಗ್ಯತೆಯನ್ನು ನಿರ್ಣಯಿಸಬಾರದು, ಸಂಶೋಧನೆಯನ್ನು ಅದರ ಸ್ವಂತ ಗುಣದಿಂದಲೇ ಅಳೆಯಬೇಕು ಎಂಬುದು ಅದರ ಸಾರ. ಲೋಕದ ಹಲವಾರು ಸಂಸ್ಥೆಗಳು ಅದಕ್ಕೆ ಸಹಿಹಾಕಿವೆ.

ಹಾಗಾದರೆ ನಾವು ನೋಡಬೇಕಾದುದೇನು?

ಎಣಿಕೆಯನ್ನೇ ತೊರೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಪರಿಚಯ, ವಶೀಲಿ, ಜಾತಿ, ಅಧಿಕಾರಗಳ ಬಲದಿಂದ ಹುದ್ದೆ ಹಂಚುವುದಕ್ಕಿಂತ ಎಲ್ಲರ ಕಣ್ಣಿಗೂ ಕಾಣುವ ಲೆಕ್ಕ ಎಷ್ಟೋ ಮೇಲು. ಹೆಸರಿಲ್ಲದ ಊರಿನ ಹೆಸರಿಲ್ಲದ ವಿಜ್ಞಾನಿಯ ಕೆಲಸವನ್ನು ದೂರದೇಶದವರು ಬಳಸಿದರೆಂಬುದಕ್ಕೆ ಉಲ್ಲೇಖವೇ ಸಾಕ್ಷಿ. ಆದರೆ ಸಂಖ್ಯೆಯನ್ನು ಕಂಡಾಗ ಕೆಲವು ಪ್ರಶ್ನೆಗಳನ್ನು ಕೇಳುವುದನ್ನು ವಿದ್ಯಾರ್ಥಿಗಳು ಅಭ್ಯಾಸಮಾಡಿಕೊಳ್ಳಬೇಕು. ಯಾವ ಸೂಚಿಯಿಂದ ಈ ಲೆಕ್ಕ ಬಂದಿತು? ಒಂದು ಸೂಚಿ ಎಣಿಸುವ ಪತ್ರಿಕೆಗಳನ್ನು ಮತ್ತೊಂದು ಎಣಿಸುವುದಿಲ್ಲವಾದುದರಿಂದ ಒಬ್ಬರದೇ ಅಂಕ ಒಂದೊಂದು ಕಡೆ ಒಂದೊಂದಾಗಿರುತ್ತದೆ. ಎಷ್ಟು ವರ್ಷಗಳ ದುಡಿಮೆ? ಯಾವ ಶಾಸ್ತ್ರ? ಲೇಖಕರು ಇಬ್ಬರೋ ಇನ್ನೂರೋ? ಹೆಸರಿಸಿದವರು ಅದನ್ನು ಒಪ್ಪಿ ಹೆಸರಿಸಿದರೋ, ಖಂಡಿಸಲು ಹೆಸರಿಸಿದರೋ, ಉಪಕರಣವೆಂದು ಬಳಸಿದರೋ?

ಇವೆಲ್ಲಕ್ಕಿಂತ ಮಿಗಿಲಾದದ್ದು ಒಂದಿದೆ: ಲೇಖನವನ್ನು ಓದುವುದು. ಒಬ್ಬ ಸಂಶೋಧಕರ ಅತ್ಯುತ್ತಮವಾದ ಎರಡು ಮೂರು ಲೇಖನಗಳನ್ನು ತೆಗೆದುಕೊಂಡು, ಅವರು ಕೇಳಿದ ಪ್ರಶ್ನೆ ಯಾವುದು, ಅದಕ್ಕೆ ದೊರಕಿಸಿದ ಸಾಕ್ಷ್ಯ ಎಷ್ಟು ಗಟ್ಟಿ, ಅದರಿಂದ ಮುಂದಿನವರಿಗೆ ತೆರೆದ ದಾರಿ ಯಾವುದು ಎಂದು ನೋಡುವುದಕ್ಕೆ ಬದಲಾದ ಸೂಚ್ಯಂಕ ಇದುವರೆಗೆ ಹುಟ್ಟಿಲ್ಲ. ಈ ಕೆಲಸ ನಿಧಾನದ್ದು. ಓದುವವನಿಗೆ ಶಾಸ್ತ್ರದ ಜ್ಞಾನವೂ ಪ್ರಾಮಾಣಿಕತೆಯೂ ಇರಬೇಕು. ಸಂಖ್ಯೆಯ ಮೋಹಕ್ಕೆ ಕಾರಣವೇ ಈ ಶ್ರಮವನ್ನು ತಪ್ಪಿಸಿಕೊಳ್ಳುವ ಆಸೆ.

ನಮ್ಮ ವಾಚಕರಲ್ಲಿ ಕೆಲವರಾದರೂ ನಾಳೆ ಜೀವರಸಾಯನದ ಪ್ರಯೋಗಶಾಲೆಗಳಲ್ಲಿ ನಿಲ್ಲುವರು. ಹೊಳವನಹಳ್ಳಿಯ ಕಡೆಯ ಹುಡುಗನೋ ಪಾವಗಡದ ಕಡೆಯ ಹುಡುಗಿಯೋ ತಮ್ಮ ತಂದೆ ಬೆಳೆದ ಕಡಲೆಬೀಜದಲ್ಲಿಯೇ ಯಾರೂ ಕಾಣದ ಇನ್ನೊಂದು ಸಂಗತಿಯನ್ನು ಕಾಣಬಹುದು. ಅದಕ್ಕೆ ಹನ್ನೆರಡು ವರ್ಷಗಳು ಹಿಡಿದರೆ ಹಿಡಿಯಲಿ. ಅವರ ಕೆಲಸವನ್ನು ಅಳೆಯಲು ಕುಳಿತವರು ಕಡಲೆಕಾಯಿಯ ವ್ಯಾಪಾರಿಗಿರುವಷ್ಟು ವಿವೇಕವನ್ನಾದರೂ ತೋರಿಸಿ, ಚೀಲವನ್ನು ತೂಗಿದಮೇಲೆ ನಾಲ್ಕು ಕಾಯಿಯನ್ನು ಒಡೆದು ನೋಡಿದರೆ ಸಾಕು.